ಮೊಲಕ್ಕೆ ಉರುಳು ಬೇಡ, ಹಿತ್ತಲಿಗೆ ಬೇಲಿ ಬೇಕು

ಮಳೆಗಾಲ ಹಿಂದೆ ಸರಿದು, ಹಿತ್ತಲ ಮಡಿಗಳಲ್ಲಿ ಹರಿವೆ, ಅಲಸಂದೆ, ಬೀನ್ಸ್ ಎರಡೆಲೆ ಬಿಡುವ ಹೊತ್ತಿಗೆ ಮಲೆನಾಡಿನ ಅನೇಕ ಮನೆಗಳಲ್ಲಿ ಮೊಲದ ಕಾಟ ಸುರುವಾಗುತ್ತದೆ. ಸಂಜೆ ನೀರು ಹನಿಸಿದ ಮಡಿ ಬೆಳಗಾಗುವಷ್ಟರಲ್ಲಿ ಬೋಳಾಗಿರುತ್ತದೆ. ಹಂದಿ ಅಡಿಕೆ ಸಸಿ ಕಿತ್ತರೆ ಊರೆಲ್ಲ ಮಾತನಾಡುತ್ತದೆ. ಕಾಟಿ ಕಾಫಿ ತೋಟಕ್ಕೆ ನುಗ್ಗಿದರೆ ಅರ್ಜಿ ಬರೆಯುತ್ತೇವೆ. ಹಿತ್ತಲ ಸೊಪ್ಪು ಹೋದರೆ ಮಾತ್ರ, “ಪೇಟೆಯಿಂದ ತಂದರಾಯಿತು” ಎಂದು ಕೈಕೊಡವಿ ಬಿಡುವುದು ಯಜಮಾನರ ವಾಡಿಕೆ. ಈ ಉದಾಸೀನ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಹಿತ್ತಲ ತರಕಾರಿ ತೋಟದ ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲ, ನಿಜ. ಅಡಿಕೆ, ಕಾಫಿ ವರ್ಷಕ್ಕೊಮ್ಮೆ ಹಣ ಕೊಡುತ್ತವೆ. ಹಿತ್ತಲು ದಿನದಿನದ ಸಾರಿಗೆ, ಪಲ್ಯಕ್ಕೆ ಒದಗುತ್ತದೆ. ಬೀಜ ಕಾದಿಟ್ಟು, ಬೂದಿ ಹಾಕಿ, ಕೊಡದಲ್ಲಿ ನೀರು ಹೊತ್ತು ಅದನ್ನು ಸಾಕುವವರು ಹೆಚ್ಚಾಗಿ ಮನೆಯ ಹೆಂಗಸರು. ಅವರ ದೂರಿಗೆ ಕಿವಿಗೊಡುವವರಿಲ್ಲದಾಗ, ಯಾರೋ ಒಬ್ಬರು ಬೇಲಿಯ ಕಂಡಿಗೆ ತಂತಿಯ ಉರುಳು ಕಟ್ಟಿ ಹೋಗುತ್ತಾರೆ. ಅಲ್ಲಿಗೆ ಸಣ್ಣ ವಿಷಯ ದೊಡ್ಡದಾಗುತ್ತದೆ.

ಉರುಳಿಗೆ ಮೊಲ ಯಾವುದು, ಬೇರೆ ಪ್ರಾಣಿ ಯಾವುದು ಎಂಬುದು ಗೊತ್ತಾಗದು. ಕಾಡುಬೆಕ್ಕು, ಪುನುಗು, ಮನೆಯ ನಾಯಿ, ಯಾವುದಾದರೂ ಸಿಕ್ಕಿಕೊಳ್ಳಬಹುದು. ತೋಟದ ಬೇಲಿಯ ಉರುಳಿಗೆ ಸಿಕ್ಕಿ ಚಿರತೆಗಳು ಸತ್ತದ್ದನ್ನು ನಮ್ಮ ಜಿಲ್ಲೆಗಳವರು ಬಲ್ಲರು. ಕಾಡಿನ ಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ಉರುಳು ಹಾಕುವುದು, ವಿಷವಿಡುವುದು, ಅದಕ್ಕೆ ಪ್ರಯತ್ನ ಪಡುವುದೂ ಆ ಕಾಯಿದೆಯ ಪ್ರಕಾರ ಬೇಟೆಯೇ. ಇನ್ನು ವಿಷದ ಮಾತಂತೂ ಬೇಡವೇ ಬೇಡ. ಫೋರೇಟ್ ಹರಳು 2020ರ ಕೊನೆಗೇ ನಿಷೇಧವಾಗಿದೆ. ಹಳೆಯ ಡಬ್ಬಿ ಉಗ್ರಾಣದಲ್ಲಿ ಉಳಿದಿದ್ದರೂ ಮಕ್ಕಳು ಓಡಾಡುವ, ಊಟಕ್ಕೆ ಸೊಪ್ಪು ಕೊಯ್ಯುವ ಜಾಗಕ್ಕೆ ಅದನ್ನು ತರುವುದು ಎಂಥ ವಿವೇಕ?

ಮೊದಲು ಕಳ್ಳನನ್ನು ಗುರುತಿಸಬೇಕು. ಮೊಲ ತಿಂದ ದಂಟು ಚೂರಿಯಲ್ಲಿ ಓರೆಯಾಗಿ ಕೊಯ್ದಂತೆ ನಯವಾಗಿರುತ್ತದೆ. ದನಕ್ಕೂ ಜಿಂಕೆಗೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಅವು ಕಿತ್ತೆಳೆದ ತುದಿ ಸಿಬಿರು ಸಿಬಿರಾಗಿರುತ್ತದೆ. ಗೆಡ್ಡೆ ತೋಡಿದ್ದರೆ ಮುಳ್ಳುಹಂದಿಯೋ ಹೆಗ್ಗಣವೋ ಇರಬೇಕು. ಎಲೆಯಲ್ಲಿ ತೂತು ಬಿದ್ದು ಲೋಳೆ ಕಂಡರೆ ಅದು ಬಸವನಹುಳು. ಮಡಿಯ ಪಕ್ಕ ದುಂಡನೆಯ ಒಣ ಹಿಕ್ಕೆ ಬಿದ್ದಿದ್ದರೆ ಮೊಲವೆಂದು ತಿಳಿಯಬಹುದು.

ಇಲ್ಲಿ ಇನ್ನೊಂದು ಮಾತು. ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ನಮ್ಮ ಕಾಡಿನ ಮೊಲವೂ ಗೂಡಿನಲ್ಲಿ ಸಾಕುವ ಬಿಳಿ ಮೊಲವೂ ಒಂದೇ ಜಾತಿಯಲ್ಲ. ಸಾಕುಮೊಲದ ಮೂಲ ಯುರೋಪಿನದು. ಅದು ಬಿಲ ತೋಡಿ ಗುಂಪಾಗಿ ಬಾಳುತ್ತದೆ. ಅಂಥ 24 ಮೊಲಗಳನ್ನು 1859ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಟ್ಟುದರಿಂದ ಆ ದೇಶ ಪಟ್ಟ ಪಾಡು ಪ್ರಸಿದ್ಧವಾದುದು. ನಮ್ಮ ಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಹುಲ್ಲಿನ ಮರೆಯಲ್ಲಿ ಅಡಗಿ ಕುಳಿತು, ಕತ್ತಲಾದ ಮೇಲೆ ಮೇಯಲು ಬರುತ್ತದೆ. ಆದುದರಿಂದ ಪರದೇಶದ ಪುಸ್ತಕ ನೋಡಿ ಆಳದ ಕಂದಕ ತೋಡಿಸುವ ಖರ್ಚು ನಮಗೆ ಬೇಕಿಲ್ಲ. ಕಂಡಿ ಮುಚ್ಚಿದರೆ ಬಹುಪಾಲು ಕೆಲಸ ಮುಗಿಯಿತು.

ಅಡಿಕೆ ದಬ್ಬೆಯ ಬೇಲಿ ನಮ್ಮಲ್ಲಿ ಸುಲಭ. ಆದರೆ ಅದರ ಬುಡ ಒರಲೆಗೂ ಮಳೆಗೂ ಬೇಗ ಲಡ್ಡಾಗಿ, ಮೊಲ ನುಸುಳುವಷ್ಟು ಸಂದಿ ಬೀಳುತ್ತದೆ. ಅದಕ್ಕೆ ಒಂದಿಂಚು ಕಣ್ಣಿನ, 4 ಅಡಿ ಅಗಲದ ಕೋಳಿಬಲೆಯನ್ನು ಒತ್ತುಕೊಟ್ಟು ಕಟ್ಟಬೇಕು. ಮೂರೂವರೆ ಅಡಿ ಮೇಲಕ್ಕೆ ನಿಲ್ಲಿಸಿ, ಉಳಿದ ಅರ್ಧ ಅಡಿಯನ್ನು ಹೊರಮಗ್ಗುಲಿಗೆ ಮಡಿಸಿ, ನೆಲಕ್ಕೆ ಹಾಸಿ, ಕಲ್ಲು ಮಣ್ಣು ಹೇರಬೇಕು. 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಲಿಗೆ ಸುತ್ತಳತೆ 100 ಅಡಿ. ಬೇಕಾದ ಬಲೆಯೂ ಅಷ್ಟೇ. ಉಣುಗೋಲಿನ ಕೆಳಗಿನ ಸಂದಿಯನ್ನು ಮರೆಯಬಾರದು. ಬೇಲಿಯ ಹೊರಗೆ ನಾಲ್ಕಾರು ಮಾರು ಹುಲ್ಲು, ಲಂಟಾನ ಸವರಿದರೆ ಅಡಗಲು ಮರೆಯಿರದು. ಬಲೆ ಬರುವ ತನಕ ಎಳೆ ಸಸಿಗೆ ಅಡಿಕೆ ಹಾಳೆಯ ಕೊಳವೆ ಸುತ್ತಿಡಬಹುದು.

ಕೂದಲು ಚೆಲ್ಲುವುದು, ಸಗಣಿ ನೀರು ಚಿಮುಕಿಸುವುದು ನಾಲ್ಕು ದಿನದ ಉಪಾಯ. ಒಂದು ಮಳೆಗೆ ತೊಳೆದುಹೋಗುತ್ತದೆ. ರಾತ್ರಿ ನಾಯಿಯನ್ನು ಹಿತ್ತಲಲ್ಲಿ ಕಟ್ಟುವುದೆಂದರೆ ಚಿರತೆಗೆ ಎಡೆಯಿಟ್ಟಂತೆ.

“ಸೊಪ್ಪಿನ ಮಡಿಗೆ ಇಷ್ಟು ಖರ್ಚೇ?” ಎಂದು ಕೇಳುವವರಿದ್ದಾರೆ. ಕಾಫಿ ನರ್ಸರಿಗೆ ಚಪ್ಪರ, ಬೇಲಿ ಎಲ್ಲವನ್ನೂ ಕೇಳದೆಯೇ ಮಾಡುತ್ತೇವಲ್ಲ! ಒಮ್ಮೆ ಕಟ್ಟಿದ ಬಲೆ ಕೆಲವು ವರ್ಷ ಬಾಳುತ್ತದೆ. ಉರುಳಾದರೋ ಒಂದೇ ರಾತ್ರಿಯಲ್ಲಿ ಮನೆಯವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಲ್ಲುದು.

ನಮ್ಮ ಸಂಘ ಗೊಬ್ಬರ, ಮೈಲುತುತ್ತು ತರಿಸುವಂತೆ ಕೋಳಿಬಲೆಯನ್ನೂ ಸಗಟಾಗಿ ತರಿಸಿ, ಬೇಕಾದಷ್ಟು ಅಡಿ ಕತ್ತರಿಸಿ ಸದಸ್ಯರಿಗೆ ಕೊಡುವ ಏರ್ಪಾಡು ಮಾಡಬಾರದೇಕೆ? ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಸದಸ್ಯ ಬಾಂಧವರು ಅಂದು ಮನೆಯ ಹೆಂಗಸರನ್ನೂ ಕರೆತಂದರೆ ಹಿತ್ತಲಿಗೆ ಎಷ್ಟು ಅಡಿ ಬಲೆ ಬೇಕೆಂಬ ಸರಿಯಾದ ಲೆಕ್ಕ ಸಿಕ್ಕೀತು.