ಮನೆ ನೋಡುವಾಗ ಕಾಲಡಿಯನ್ನೂ ನೋಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಆದರೆ ಬೇರೆಯವರು ಕಟ್ಟಿದ ಮನೆಯನ್ನು ಕೊಳ್ಳುವವನು ಏನೇನು ನೋಡಬೇಕೆಂಬುದನ್ನು ಅವರು ಹೇಳಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಕಾಮಠಿಯಲ್ಲೋ ನಾಗಪುರದಲ್ಲೋ ನೆಲೆ ನಿಂತ ನಮ್ಮಂಥವರಿಗೆ ಈಗ ಬೇಕಾದ ಬುದ್ಧಿಮಾತು ಅದೇ.

ಮನೆ ನೋಡಲು ಹೊರಟ ಸಂಸಾರವನ್ನು ಗಮನಿಸಿ. ಯಜಮಾನರು ಬಸ್ಸು ಎಷ್ಟು ದೂರ ಎಂದು ಕೇಳುತ್ತಾರೆ. ಮನೆಯಾಕೆ ನೇರವಾಗಿ ಅಡಿಗೆಮನೆಗೆ ನಡೆಯುತ್ತಾರೆ. ಅತ್ತೆಯವರಿಗೆ ದೇವರ ಗೂಡು ಯಾವ ದಿಕ್ಕಿಗೆ ಎಂಬ ಚಿಂತೆ. ಮಕ್ಕಳು ಆಗಲೇ ತಾರಸಿಯ ಮೇಲೆ. ಎಲ್ಲರೂ ನಿಂತಿರುವುದು ನೆಲದ ಮೇಲೆಯೇ. ನೆಲವನ್ನು ನೋಡಿದವರು ಮಾತ್ರ ಒಬ್ಬರೂ ಇಲ್ಲ! ಗೋಡೆ ಮಾಸಿದರೆ ಸುಣ್ಣಬಣ್ಣವುಂಟು, ನಲ್ಲಿ ಸೋರಿದರೆ ಬೇರೆ ನಲ್ಲಿಯುಂಟು. ನೆಲ ಕೆಟ್ಟರೆ ಪಾತ್ರೆಪಡಗ ಸಮೇತ ಸಂಸಾರವೇ ಹೊರಗೆ ಬರಬೇಕು. ಭವಿಷ್ಯನಿಧಿಯನ್ನು ಬರಿದುಮಾಡಿ, ಇಪ್ಪತ್ತು ವರ್ಷದ ಸಾಲವನ್ನು ತಲೆಗೆ ಕಟ್ಟಿಕೊಂಡು ಕೊಳ್ಳುವ ವಸ್ತುವನ್ನು ಹತ್ತು ನಿಮಿಷ ಬಗ್ಗಿ ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಕಾಮಠಿಯಲ್ಲಿ ಇಂಗ್ಲಿಷರು ದಂಡು ಇಳಿಸಿದ್ದು 1821ರಲ್ಲಿ. ಇಲ್ಲಿನ ಮರಳುಗಲ್ಲಿಗೆ ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಈ ಸೀಮೆಯಲ್ಲಿ ಬಹಳಷ್ಟು ಕಡೆ ಮನೆಗಳು ನಿಂತಿರುವುದು ಆ ಕಲ್ಲಿನ ಮೇಲಲ್ಲ, ಕರಿಯ ಮಣ್ಣಿನ ಮೇಲೆ. ಧಾರವಾಡ, ಗದಗ, ವಿಜಯಪುರದ ಕಡೆಯ ನಮ್ಮ ಬಂಧುಗಳಿಗೆ ಎರೆ ಭೂಮಿಯ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಹತ್ತಿಗೂ ಜೋಳಕ್ಕೂ ಅದು ತಾಯಿ, ಮನೆಗೆ ಮಲತಾಯಿ. ಅದರ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ, ಮಳೆಗಾಲ ಬಂತೆಂದರೆ ಸಾವಿರ ಮಿಲಿಮೀಟರಿನಷ್ಟು ಸುರಿಯುವ ಈ ಸೀಮೆಯಲ್ಲಿ ಆ ಉಬ್ಬು-ಕುಗ್ಗುಗಳ ಆಟ ವರ್ಷವರ್ಷವೂ ತಪ್ಪದು.

ಗೋಡೆಗೆ ಆಳವಾದ ಪಾಯವಿರುತ್ತದೆ, ನೆಲಕ್ಕೆ ಇರುವುದಿಲ್ಲ. ಅಡಿಯಲ್ಲಿ ತುಂಬಿದ ಮಣ್ಣೇ ಅದಕ್ಕೆ ಆಧಾರ. ಪಾಯ ತೋಡಿದಾಗ ಬಂದ ಕರಿಮಣ್ಣನ್ನೇ ಅಲ್ಲಿಗೆ ತುಂಬಿದರೆ, ಕೋಣೆಯ ನಡುಭಾಗ ಹಪ್ಪಳದಂತೆ ಏಳುತ್ತದೆ, ಗೋಡೆಯ ಪಕ್ಕ ಸಂದು ಬೀಳುತ್ತದೆ, ಬಾಗಿಲು ನೆಲಕ್ಕೆ ಉಜ್ಜುತ್ತದೆ. ಇಂಥ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬದ ಪಾಯವನ್ನು ರೂಢಿಗೆ ತಂದರು. ಆದರೆ ಅದು ಕಾಯುವುದು ಗೋಡೆಯನ್ನು. ನೆಲ ಉಳಿಯಬೇಕಾದರೆ ಕರಿಮಣ್ಣು ತೆಗೆದು, ನಮ್ಮವರು ಗರಸು ಎನ್ನುವ, ಇಲ್ಲಿಯವರು ಮುರೂಮ ಎನ್ನುವ ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಹಾಯಿಸಿ, ಧಮ್ಮಸ್ಸು ಮಾಡಿರಬೇಕು. ಆದ್ದರಿಂದ ಕಟ್ಟಿದವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ನೆಲದ ಕೆಳಗೆ ಏನು ತುಂಬಿದ್ದೀರಿ?’ ಎಂಬುದು. ಸಾಧ್ಯವಾದರೆ ಮನೆಯನ್ನು ಎರಡು ಸಲ ನೋಡಿ: ಒಮ್ಮೆ ಮೇ ತಿಂಗಳ ಕೊನೆಗೆ, ಒಮ್ಮೆ ಆಗಸ್ಟಿನ ಜಡಿಮಳೆಯಲ್ಲಿ. ಒಂದು ಋತು ಮುಚ್ಚಿಟ್ಟ ದೋಷವನ್ನು ಇನ್ನೊಂದು ಹೊರಹಾಕುತ್ತದೆ.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಒಂದು ಗೋಲಿ, ಒಂದು ನಾಣ್ಯ, ಒಂದು ಚೊಂಬು ನೀರು ಸಾಕು. ಗೋಲಿಯನ್ನು ನಾಲ್ಕು ಕಡೆ ಇಟ್ಟು ನೋಡಿ. ಎಲ್ಲಿಟ್ಟರೂ ನಡುವಿನಿಂದ ಗೋಡೆಯ ಕಡೆಗೇ ಓಡಿದರೆ ನೆಲ ಉಬ್ಬಿದೆ ಎಂದು ತಿಳಿಯಿರಿ. ನಾಣ್ಯದಿಂದ ಟೈಲುಗಳನ್ನು ಒಂದೊಂದಾಗಿ ತಟ್ಟಿ. ಗಟ್ಟಿ ಸದ್ದಾದರೆ ಸರಿ. ಒಡೆದ ಮಡಕೆಯ ಸದ್ದಾದರೆ ಅಡಿಯಲ್ಲಿ ಗಾರೆ ಹಿಡಿದಿಲ್ಲ; ಕಬ್ಬಿಣದ ಬೀರು ಇಟ್ಟ ದಿನ ಅದು ಒಡೆಯುತ್ತದೆ. ಕೂದಲೆಳೆಯ ಬಿರುಕಿಗೆ ಹೆದರಬೇಕಾಗಿಲ್ಲ. ಆದರೆ ನಾಣ್ಯದ ಅಂಚು ಹೋಗುವಷ್ಟು ಬಾಯಿ ಬಿಟ್ಟಿದ್ದರೆ, ಅದರ ಎರಡು ಬದಿಗಳು ಮೇಲುಕೆಳಗಾಗಿದ್ದರೆ, ಅದೇ ಬಿರುಕು ಗೋಡೆಗೂ ಹತ್ತಿದ್ದರೆ, ಎಂಜಿನಿಯರರನ್ನು ಕರೆಯದೆ ಮುಂಗಡ ಕೊಡಬೇಡಿ.

ಚೊಂಬಿನ ನೀರನ್ನು ಬಚ್ಚಲಲ್ಲಿ ಚೆಲ್ಲಿ. ಅದು ತಾನಾಗಿ ಮೋರಿಯ ಕಡೆ ಹರಿಯಬೇಕು. ಬಾಗಿಲ ಕಡೆ ಬಂದರೆ ವಯಸ್ಸಾದವರು ಜಾರಿ ಬೀಳುವುದು ಖಂಡಿತ. ಮಹಡಿಯ ಮನೆಯಾದರೆ ಕೆಳಗಿನವರ ಬಾಗಿಲು ತಟ್ಟಿ, ಅವರ ಬಚ್ಚಲ ಮಾಳಿಗೆಯನ್ನು ತೋರಿಸುವಂತೆ ವಿನಯದಿಂದ ಕೇಳಿ. ನಿಮ್ಮ ನೆಲದ ಜಾತಕ ಅವರ ಮಾಳಿಗೆಯಲ್ಲಿದೆ.

ನೆಲಮಟ್ಟದ ಮನೆಯಾದರೆ ತೇವ ಮತ್ತು ಗೆದ್ದಲನ್ನು ವಿಚಾರಿಸಬೇಕು. ಸಂದುಗಳಲ್ಲಿ ಬಿಳಿಯ ಉಪ್ಪಿನಂಥ ಹುಡಿ ಕಂಡರೆ ಕೆಳಗಿನ ನೀರು ಮೇಲೇರುತ್ತಿದೆ ಎಂದರ್ಥ. ಅನುಮಾನವಿದ್ದರೆ ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಅಂಟಿಸಿ ಒಂದು ರಾತ್ರಿ ಬಿಡಿ; ಬೆಳಿಗ್ಗೆ ಅಡಿಯಲ್ಲಿ ಬೆವರು ಕಂಡರೆ ನೆಲದಲ್ಲಿ ತೇವವಿದೆ. ಬಾಗಿಲ ಚೌಕಟ್ಟಿನ ಬುಡದಲ್ಲಿ ಮಣ್ಣಿನ ಸಣ್ಣ ಕೊಳವೆ ಕಂಡರೆ ಗೆದ್ದಲು ಬಂದು ನೆಲಸಿದೆ ಎಂದು ತಿಳಿಯಿರಿ.

ಮಹಾರಾಷ್ಟ್ರದ ಹಳೆಯ ಮನೆಗಳಲ್ಲಿ ಕಾಣುವ ಶಹಾಬಾದ್ ಫರ್ಶಿ ನಮ್ಮ ಕಲಬುರಗಿ ಜಿಲ್ಲೆಯದು. ನಮಗಿಂತ ಮೊದಲೇ ವಲಸೆ ಬಂದ ಕನ್ನಡದ ಕಲ್ಲು! ಅದು ಸುಣ್ಣದ ಕಲ್ಲಾದ್ದರಿಂದ ಹುಳಿಗೆ ಆಗದು. ಆಸಿಡ್ ಹಾಕಿ ತೊಳೆದ ಫರ್ಶಿ ಒರಟಾಗಿ ಬೆಳ್ಳಗಾಗಿರುತ್ತದೆ. ಅಷ್ಟಕ್ಕೇ ಮನೆಯನ್ನು ಬಿಡಬೇಕಾಗಿಲ್ಲ. ಕಲ್ಲು ಅಲುಗದಿದ್ದರೆ, ಸಂದು ಬಿಗಿಯಾಗಿದ್ದರೆ, ಪಾಲಿಷ್ ಮಾಡಿಸಿಕೊಳ್ಳಬಹುದು.

ಹೊಸ ಫ್ಲಾಟು ಕೊಳ್ಳುವವರಿಗೆ ಕಾನೂನಿನ ಬಲವೂ ಉಂಟು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೆಯ ಕಲಮಿನಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರು 30 ದಿನದೊಳಗೆ ಖರ್ಚು ಕೇಳದೆ ಸರಿಪಡಿಸಬೇಕು. ಬಾಯಿಮಾತಿನಲ್ಲಿ ಹೇಳದೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಬಾಡಿಗೆಯವರೂ ಒಡೆದ ಟೈಲುಗಳ ಚಿತ್ರ ತೆಗೆದು ಮೊದಲ ದಿನವೇ ಮಾಲೀಕರಿಗೆ ಕಳಿಸಿದರೆ, ಬಿಡುವ ದಿನ ಠೇವಣಿಯ ಜಗಳವಿರದು.

ಒಟ್ಟಿನಲ್ಲಿ, ಟೊಳ್ಳು ಟೈಲು ನಾಲ್ಕಿದ್ದರೆ ಬೆಲೆ ಇಳಿಸಿ ಕೇಳಿ. ಬಚ್ಚಲ ಇಳಿಜಾರು ತಪ್ಪಿದ್ದರೆ ಸರಿಪಡಿಸಿ ಕೊಡಲು ಹೇಳಿ. ನೆಲವೇ ಉಬ್ಬಿದ್ದರೆ ನಮಸ್ಕಾರ ಹೇಳಿ ಮುಂದಿನ ಮನೆ ನೋಡಿ. ಅಡಿಯ ಮಣ್ಣು ಬದಲಾಗದೆ ಮೇಲಿನ ಟೈಲು ಬದಲಿಸಿದರೆ ಫಲವಿಲ್ಲ. ಇನ್ನೊಂದು ಮಾತು: ನೋಡುವಾಗ ಜಮಖಾನೆಯನ್ನು ಸರಿಸಲು ಹೇಳಿ. ಅದನ್ನು ಸರಿಸಲು ಒಪ್ಪದವರ ಮನೆಗೆ ನಾವಂತೂ ಮುಂಗಡ ಕೊಡೆವು.