ಗಾಣದ ವೇಗ, ಕಬ್ಬಿನ ವೇಗ

ಕಲ್ಲೋಳಿಯಂಥ ಊರುಗಳಲ್ಲಿಯೂ ಗಣಕಯಂತ್ರವು ಈಗ ಮನೆಯ ಸಾಮಾನುಗಳಲ್ಲಿ ಒಂದಾಗಿರುವುದು. ಮಕ್ಕಳ ಅಭ್ಯಾಸಕ್ಕೆಂದೋ ಅಂಗಡಿಯ ಲೆಕ್ಕಕ್ಕೆಂದೋ ಗೃಹಸ್ಥರು ಗೋಕಾಕಕ್ಕಾಗಲಿ ಬೆಳಗಾವಿಗಾಗಲಿ ಹೋಗಿ, ಕಂಪನಿಯವರೇ ಜೋಡಿಸಿ ಮಾರುವ ಡೆಸ್ಕ್‌ಟಾಪನ್ನು ತರುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಯಂತ್ರವು ನಿಧಾನವಾಯಿತೆಂಬ ದೂರು ಹುಟ್ಟುವುದು. ಹೆಚ್ಚು ವೇಗದ ರ‍್ಯಾಮ್ ಹಾಕಿಸಿರೆಂಬ ಬುದ್ಧಿವಾದವೂ ಅದರ ಬೆನ್ನಿಗೇ ಬರುವುದು. ಕಷ್ಟಪಟ್ಟು ಗಳಿಸಿದ ಹಣವನ್ನು ಇದಕ್ಕೆ ವೆಚ್ಚಮಾಡುವ ಮೊದಲು ವಾಚಕರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಈ ಸಲ ಬರೆಯುತ್ತೇವೆ.

ಕಬ್ಬಿನ ಸೀಮೆಯವರಾದ ನಮಗೆ ಗಾಣದ ದೃಷ್ಟಾಂತವೇ ಸಾಕು. ಪ್ರೊಸೆಸರೆಂಬುದು ಗಾಣ, ಡಿಸ್ಕು ಹೊಲ, ಗಾಣದ ಬಳಿ ತಂದೊಟ್ಟಿದ ಕಬ್ಬಿನ ರಾಶಿಯೇ ರ‍್ಯಾಮ್. ಕಬ್ಬು ಉಣಿಸುವವನ ಕೈಗೆಟಕುವ ನಾಲ್ಕಾರು ಜಲ್ಲೆಗಳಂತೆ, ಪ್ರೊಸೆಸರಿನೊಳಗೇ ಕ್ಯಾಶ್ ಎಂಬ ಸಣ್ಣ ಸಂಗ್ರಹವಿರುವುದು. ಗಾಣವು ಎಷ್ಟೇ ಬಿರುಸಿನದಾದರೂ ಕಬ್ಬು ಬಾರದಿದ್ದರೆ ಬರಿದೆ ತಿರುಗುವುದಷ್ಟೆ. 4 ಗಿಗಾಹರ್ಟ್ಸಿನ ಪ್ರೊಸೆಸರು ಒಂದು ನ್ಯಾನೋಸೆಕೆಂಡಿಗೆ, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, 4 ಹೆಜ್ಜೆ ಇಡುವುದು. ರ‍್ಯಾಮಿನಿಂದ ಬೇಕಾದುದು ಬರಲು ಅಂಥ ಹತ್ತಾರು ನ್ಯಾನೋಸೆಕೆಂಡುಗಳು ಬೇಕು.

ರ‍್ಯಾಮ್ ಪಟ್ಟಿಯ ಮೇಲಿನ 2400, 3200 ಎಂಬ ಅಂಕಿಗಳು ಸೆಕೆಂಡಿಗೆ ಅಷ್ಟು ದಶಲಕ್ಷ ಸಾಗಣೆಗಳೆಂಬುದನ್ನು ಸೂಚಿಸುವುವು. ಒಂದು ಸಾಗಣೆಗೆ 8 ಬೈಟುಗಳಂತೆ ಮೊದಲನೆಯದು ಸೆಕೆಂಡಿಗೆ 19.2 ಗಿಗಾಬೈಟು, ಎರಡನೆಯದು 25.6 ಗಿಗಾಬೈಟು ಸಾಗಿಸಬಲ್ಲುದು. ಆದರೆ ಕೇಳಿದ ಮೇಲೆ ಮೊದಲ ಹೊರೆ ಹೊರಡಲು ಹಿಡಿಯುವ ಹೊತ್ತು ಸಾಮಾನ್ಯ ಪಟ್ಟಿಗಳೆರಡರಲ್ಲಿಯೂ ಸುಮಾರು 14 ನ್ಯಾನೋಸೆಕೆಂಡೇ. ಆದುದರಿಂದ ಪತ್ರ ಬರೆಯುವುದು, ಲೆಕ್ಕವಿಡುವುದು, ಪಾಠ ನೋಡುವುದು ಇಂಥ ಕೆಲಸಗಳಲ್ಲಿ ಭೇದವು ಕಣ್ಣಿಗೆ ಬೀಳದು. ಆಟಗಳಲ್ಲಿ, ಅದರಲ್ಲಿಯೂ ಚಿತ್ರದ ಕೆಲಸವನ್ನು ಪ್ರೊಸೆಸರೇ ರ‍್ಯಾಮಿನಲ್ಲಿ ಪಾಲು ಪಡೆದು ಮಾಡುವ ಯಂತ್ರಗಳಲ್ಲಿ, ಭೇದವು ಚೆನ್ನಾಗಿ ಕಾಣುವುದು.

ಇನ್ನು ಮುಖ್ಯ ಮಾತು. ಪಟ್ಟಿಯ ಮೇಲೆ ಬರೆದ ವೇಗವೇ ಯಂತ್ರದಲ್ಲಿ ದೊರೆಯುವುದೆಂದು ತಿಳಿಯಲಾಗದು. ಪಟ್ಟಿ, ಪ್ರೊಸೆಸರ್, ಮದರ್‌ಬೋರ್ಡ್ ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಉಳಿದವುಗಳಿಗೂ ಗತಿ. 2020ರಲ್ಲಿ ಬಂದ ಇಂಟೆಲ್ ಕೋರ್ ಐ5-10400 ಪ್ರೊಸೆಸರಿಗೆ ತಯಾರಕರು ಹೇಳಿದ ಮಿತಿ 2666. ಕಂಪನಿಯ ಸಿದ್ಧ ಯಂತ್ರಗಳಲ್ಲಿ ಈ ಮಿತಿಯನ್ನು ಮೀರಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ 3200ರ ಪಟ್ಟಿಯೂ 2666ರಲ್ಲಿಯೇ ನಡೆಯುವುದು. ಹಳೆಯ 2400ರ ಪಕ್ಕದಲ್ಲಿ ಹೊಸ 3200 ಕೂಡಿಸಿದರೆ ಎರಡೂ 2400ಕ್ಕೇ ಇಳಿಯುವುವು.

ಹಾಗಾದರೆ ಉಪಾಯವೇನು? ಅನೇಕ ಸಿದ್ಧ ಯಂತ್ರಗಳಲ್ಲಿ ಒಂದೇ ಪಟ್ಟಿಯನ್ನು ಕೂಡಿಸಿ ಇನ್ನೊಂದು ಮನೆಯನ್ನು ಖಾಲಿ ಬಿಟ್ಟಿರುತ್ತಾರೆ. ಹೊರೆ ತರುವ ಆಳು ಒಬ್ಬನೇ ಆದಂತಾಯಿತು. ಎರಡು ದಾರಿಯುಳ್ಳ ಬೋರ್ಡಿನಲ್ಲಿ ಅದೇ ಜಾತಿಯ, ಅದೇ ಅಳತೆಯ ಎರಡನೆಯ ಪಟ್ಟಿಯನ್ನು ಸರಿಯಾದ ಮನೆಯಲ್ಲಿ ಕೂಡಿಸಿದರೆ ಇಬ್ಬರು ಆಳುಗಳು ಜೊತೆಯಾಗಿ ಹೊರುವರು. 2400ರ ಎರಡು ಪಟ್ಟಿಗಳ ಸಾಗಣೆ 38.4 ಗಿಗಾಬೈಟು, 3200ರ ಒಂಟಿ ಪಟ್ಟಿಯದು 25.6 ಮಾತ್ರ. ರಾಶಿಯೂ ಇಮ್ಮಡಿಯಾಗುವುದು.

ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಪುಟವನ್ನು ತೆರೆದರೆ ನಡೆಯುತ್ತಿರುವ ವೇಗ, ತುಂಬಿರುವ ಮನೆಗಳು, ಬಳಕೆಯಾದ ಪ್ರಮಾಣ, ಎಲ್ಲವೂ ಕಾಣುವುವು. ರ‍್ಯಾಮ್ ಸದಾ ತುಂಬಿಯೇ ಇದ್ದರೆ ಬೇಕಾದುದು ಪ್ರಮಾಣ, ವೇಗವಲ್ಲ. ತಿರುಗುವ ಹಳೆಯ ಹಾರ್ಡ್‌ಡಿಸ್ಕಿದ್ದರೆ ಎಸ್.ಎಸ್.ಡಿ.ಗೆ ಹಾಕಿದ ಹಣವೇ ಹೆಚ್ಚು ಫಲ ಕೊಡುವುದು. ಡಿ.ಡಿ.ಆರ್.-4ರ ಮನೆಯಲ್ಲಿ ಡಿ.ಡಿ.ಆರ್.-5 ಕೂಡುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ರ‍್ಯಾಮ್ ಎಷ್ಟೆಂದು ಕೇಳಿ ಸುಮ್ಮನಾಗಬಾರದು. ಎಷ್ಟು ಪಟ್ಟಿಗಳಲ್ಲಿ ಇದೆ, ಯಾವ ವೇಗದಲ್ಲಿ ನಡೆಯುವುದು, ಖಾಲಿ ಮನೆ ಉಂಟೋ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳತಕ್ಕದ್ದು. ಮನೆಗೆ ತಂದ ಮೇಲೆ ಪಡುವ ಪೇಚಾಟಕ್ಕಿಂತ ಅಂಗಡಿಯಲ್ಲಿ ಕೇಳುವ ಮೂರು ಮಾತುಗಳು ಅಗ್ಗ.