ನಮ್ಮ ರೊಕ್ಕದ ಬಡ್ಡಿ ನಮಗೇ ಬರಲಿ

ಗರಗದ ಹಿರಿಯರೇ, ಅಕ್ಕ-ತಂಗಿಯರೇ, ಮೊಬೈಲಿನಲ್ಲೇ ಶೇರು ಕೊಳ್ಳುವ ತಮ್ಮಂದಿರೇ,

ನಿಮ್ಮ ಬ್ರೋಕರ್ ಆ್ಯಪ್ ತೆಗೆದು ‘ಫಂಡ್ಸ್’ ಎಂದಿರುವಲ್ಲಿ ಒತ್ತಿರಿ. ಶೇರು ಕೊಳ್ಳದೆ ಹಾಗೇ ಬಿದ್ದಿರುವ ರೊಕ್ಕ ಎಷ್ಟಿದೆ? ಹಾಕಿ ಎಷ್ಟು ದಿನವಾಯಿತು? ಅಷ್ಟು ದಿನಕ್ಕೆ ನಿಮಗೆ ಬಂದ ಬಡ್ಡಿ ಸೊನ್ನೆ.

ಸೋಯಾ ಮಾರಿದ ರೊಕ್ಕವನ್ನು ಅಡತಿ ಅಂಗಡಿಯವರು ಮೂರು ತಿಂಗಳು ಇಟ್ಟುಕೊಂಡು ಬಡ್ಡಿ ತಾವೇ ತಿಂದರೆ ನಾವು ಬಿಡುತ್ತೇವೆಯೇ? ಅಂಗಡಿ ಮುಂದೆ ಹೋಗಿ ಕೂಡುತ್ತೇವೆ. ಶೇರು ಖಾತೆಯ ವಿಷಯದಲ್ಲಿ ಮಾತ್ರ ಬಾಯಿ ಬಿಟ್ಟಿಲ್ಲ, ಏಕೆಂದರೆ ಬಡ್ಡಿ ಎಲ್ಲಿ ಹೋಗುತ್ತದೆಂದು ನಮಗೆ ಯಾರೂ ಹೇಳಿಲ್ಲ.

2023ರಲ್ಲಿ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಂದು ನಿಯಮ ಮಾಡಿತು. ಗ್ರಾಹಕರ ಉಳಿದ ಹಣವನ್ನು ಬ್ರೋಕರ್ ದಿನದ ಕೊನೆಗೆ, ಶೇರು ವ್ಯವಹಾರಗಳನ್ನು ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಷನ್ನಿಗೆ ಒಪ್ಪಿಸಬೇಕು. ನಗದಾಗಿ ಒಪ್ಪಿಸಬಹುದು, ಇಲ್ಲವೇ ಬ್ಯಾಂಕಿನಲ್ಲಿ ಠೇವಣಿ ಮಾಡಿ ಆ ಠೇವಣಿಯನ್ನು ಒತ್ತೆ ಇಡಬಹುದು. ರೊಕ್ಕ ಕೈತಪ್ಪದಂತೆ ಕಾಯುವ ನಿಯಮ, ಒಳ್ಳೆಯದೇ. ಆದರೆ ಠೇವಣಿಯ ಬಡ್ಡಿ ಬ್ರೋಕರನ ಆದಾಯ.

ಲೆಕ್ಕ ಮಾಡಿ ನೋಡಿರಿ. 50,000 ರೂಪಾಯಿ 90 ದಿನ ಬ್ರೋಕರ್ ಖಾತೆಯಲ್ಲಿದ್ದರೆ ನಿಮಗೆ ಏನೂ ಇಲ್ಲ. ಅದೇ ಹಣ ಶೇ 2.5 ಬಡ್ಡಿಯ ಸಾದಾ ಉಳಿತಾಯ ಖಾತೆಯಲ್ಲಿದ್ದರೂ 308 ರೂಪಾಯಿ ಬರುತ್ತಿತ್ತು. ಒಬ್ಬರಿಗೆ ಇದು ಸಣ್ಣ ಮೊತ್ತ, ಯಾರೂ ಕೇಳುವುದಿಲ್ಲ. ಸಾವಿರ ಜನರದು ಸೇರಿದರೆ ಮೂರು ಲಕ್ಷ ದಾಟುತ್ತದೆ.

ಅಮೆರಿಕದ ಖಾತೆದಾರರು ಈ ಸಣ್ಣ ಮೊತ್ತವನ್ನೇ ಕೂಡಿಸಿ ಹಿಡಿದುಕೊಂಡರು. ಅಲ್ಲಿ ಬಡ್ಡಿ ಕೊಡುತ್ತಾರೆ, ಆದರೆ ತೀರ ಕಡಿಮೆ. 2024ರಿಂದ ದೊಡ್ಡ ದೊಡ್ಡ ಬ್ರೋಕರ್ ಕಂಪನಿಗಳ ಮೇಲೆ ಸಾಮೂಹಿಕ ದಾವೆಗಳು ಬಿದ್ದವು. ಕೆಲವರು ಕೋರ್ಟಿಗೆ ಹೋದರೂ ಅದೇ ನಷ್ಟ ಉಂಡ ಎಲ್ಲರ ಪರವಾಗಿ ನಡೆಯುವ ದಾವೆ ಅದು. 2025ರ ಜನವರಿಯಲ್ಲಿ ಅಲ್ಲಿನ ಶೇರುಪೇಟೆ ನಿಯಂತ್ರಕರು ವೆಲ್ಸ್ ಫಾರ್ಗೊದ ಎರಡು ಸಂಸ್ಥೆಗಳು ಮತ್ತು ಮೆರಿಲ್ ಲಿಂಚ್‌ಗೆ ಒಟ್ಟು 6 ಕೋಟಿ ಡಾಲರ್ ದಂಡ ಹಾಕಿದರು. ಬೇರೆ ಕಡೆ ಸಿಗುತ್ತಿದ್ದ ಬಡ್ಡಿಗೂ ಇವರು ಕೊಟ್ಟದ್ದಕ್ಕೂ ಒಮ್ಮೊಮ್ಮೆ ಹತ್ತಿರ ಹತ್ತಿರ ಶೇ 4ರಷ್ಟು ಅಂತರವಿತ್ತು.

ನಮ್ಮಲ್ಲೂ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 35ನೇ ಕಲಮಿನಂತೆ, ಒಂದೇ ದೂರು ಇರುವವರು ಗ್ರಾಹಕ ಆಯೋಗದ ಅನುಮತಿ ಪಡೆದು ಒಟ್ಟಾಗಿ ಅರ್ಜಿ ಹಾಕಬಹುದು. ಆದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಉಳಿದ ಹಣಕ್ಕೆ ಬಡ್ಡಿ ಕೊಡಲೇಬೇಕೆಂಬ ನಿಯಮವೇ ಇಲ್ಲದಾಗ ಬಡ್ಡಿಗಾಗಿ ದಾವೆ ಹೂಡಿ ಗೆಲ್ಲುವುದು ಕಷ್ಟ. ಹಾಗಾಗಿ ಮೊದಲು ರೊಕ್ಕ ಈಚೆ ತರೋಣ, ಆಮೇಲೆ ನಿಯಮ ಬದಲಿಸಲು ಕೇಳೋಣ.

ಈಚೆ ತರುವುದು ಇಂದೇ ಆಗುವ ಕೆಲಸ. ವ್ಯವಹಾರಕ್ಕೆ ಬೇಕಿಲ್ಲದ ಹಣವನ್ನು ‘ವಿತ್‌ಡ್ರಾ’ ಒತ್ತಿ ಬ್ಯಾಂಕಿಗೆ ಕಳಿಸಿರಿ. ಬ್ರೋಕರ್ ತಾನಾಗಿಯೇ ಉಳಿದ ಹಣ ಮರಳಿಸುವ ದಿನ ತಿಂಗಳಿಗೊಮ್ಮೆ ಬೇಕೋ ಮೂರು ತಿಂಗಳಿಗೊಮ್ಮೆಯೋ ಎಂದು ಆರಿಸುವವರು ನೀವು. ತಿಂಗಳಿಗೊಮ್ಮೆ ಎಂದೇ ಆರಿಸಿರಿ. ಹಾಗೆ ಮರಳಿಸುವ ದಿನ ಶುಕ್ರವಾರ ಇಲ್ಲವೇ ಶನಿವಾರ; ಅಂದು ಬ್ಯಾಂಕಿಗೆ ರೊಕ್ಕ ಜಮಾ ಆದ ಮೆಸೇಜ್ ಬರುತ್ತದೆ. ಸೋಮವಾರ ಬೆಳಿಗ್ಗೆ ಅದನ್ನೇ ತಿರುಗಿ ಆ್ಯಪಿಗೆ ತುಂಬುವ ಚಟವೊಂದು ನಮ್ಮ ಹುಡುಗರಿಗೆ ಅಂಟಿದೆ. ತಮ್ಮಾ, ಶೇರು ಕೊಳ್ಳುವ ದಿನ ತುಂಬು, ಅಲ್ಲಿಯವರೆಗೆ ಬ್ಯಾಂಕಿನಲ್ಲಿರಲಿ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಐಪಿಒಗೆ ಅರ್ಜಿ ಹಾಕಿದವರಿಗೆ ಗೊತ್ತು, ಶೇರು ಸಿಗುವವರೆಗೆ ಹಣ ನಮ್ಮ ಖಾತೆಯಲ್ಲೇ ಬ್ಲಾಕ್ ಆಗಿರುತ್ತದೆ, ಬಡ್ಡಿಯೂ ನಿಲ್ಲುವುದಿಲ್ಲ. ದಿನದ ಶೇರು ಖರೀದಿಗೂ ಯುಪಿಐ ಮೂಲಕ ಹೀಗೆಯೇ ಬ್ಲಾಕ್ ಮಾಡುವ ವ್ಯವಸ್ಥೆ ಬಂದಿದೆ. 2025ರ ಫೆಬ್ರುವರಿ 1ರಿಂದ ದೊಡ್ಡ ಬ್ರೋಕರ್‌ಗಳು ಇದನ್ನಾಗಲಿ, ಬ್ಯಾಂಕ್-ಡಿಮ್ಯಾಟ್-ಟ್ರೇಡಿಂಗ್ ಮೂರೂ ಕೂಡಿದ ಖಾತೆಯನ್ನಾಗಲಿ ಕೊಡಲೇಬೇಕು. ಕೇಳಿದವರಿಗೆ ಸಿಗುತ್ತದೆ, ಕೇಳಿರಿ.

ನಿಯಮ ಬದಲಿಸಲು ಮುಂಬೈಯ ಸೆಬಿಗೆ ಒಂದೇ ಮನವಿ ಕಳಿಸೋಣ. ಯುಪಿಐ ಬ್ಲಾಕ್ ಸೌಲಭ್ಯ ಸಣ್ಣ ಬ್ರೋಕರ್‌ಗಳಲ್ಲೂ ಕಡ್ಡಾಯವಾಗಲಿ. ಗ್ರಾಹಕರ ಹಣದಿಂದ ಬ್ರೋಕರ್ ಗಳಿಸಿದ ಬಡ್ಡಿ ಎಷ್ಟೆಂದು ಪ್ರತಿ ತಿಂಗಳ ಲೆಕ್ಕದ ಪತ್ರದಲ್ಲಿ ಅಚ್ಚಾಗಲಿ, ಅದರಲ್ಲಿ ನಮಗೂ ಪಾಲು ಬರಲಿ. ಕೇಳಿದರೂ ಹಣ ಮರಳಿಸದ ಬ್ರೋಕರ್ ಇದ್ದರೆ ಅದು ಬೇರೆ ಮಾತು; ಅಂಥವರ ಮೇಲೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಿರಿ, 21 ದಿನದೊಳಗೆ ಅವರು ಉತ್ತರಿಸಬೇಕು. ಸಹಾಯವಾಣಿ 1800 22 7575.

ಹಳ್ಳಿಯವರ ಮನವಿಗೆ ಯಾರು ಬೆಲೆ ಕೊಡುತ್ತಾರೆ ಎನ್ನಬೇಡಿರಿ. ರಾಷ್ಟ್ರಧ್ವಜದ ಖಾದಿ ನೇಯ್ದ ಊರು ನಮ್ಮದು. ಅಂದಿನ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಬಡ್ಡಿಯ ಹೊರೆಗೆ ಹಳ್ಳಿಯೇ ಕೊಟ್ಟ ಉತ್ತರ ಅದು.

ಬರುವ ಭಾನುವಾರ ಸಂಜೆ ಮಡಿವಾಳೇಶ್ವರ ಮಠದ ಮುಂದೆ ಕೂಡೋಣ. ಕಳೆದ ಮೂರು ತಿಂಗಳ ಲೆಡ್ಜರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ತನ್ನಿರಿ. ಆ್ಯಪ್ ತಿಳಿಯದ ಹಿರಿಯರು ಮೊಮ್ಮಕ್ಕಳನ್ನು ಕರೆತನ್ನಿರಿ. ಮನವಿಯನ್ನು ಎಲ್ಲರ ಮುಂದೆ ಓದಿದ ಮೇಲೆಯೇ ಸಹಿ. ಅಲ್ಲಿ ಯಾರೂ ನಿಮ್ಮ ಪಾಸ್‌ವರ್ಡ್, ಓಟಿಪಿ ಕೇಳುವುದಿಲ್ಲ, ಕೇಳಿದರೆ ಕೊಡಬೇಡಿರಿ.

— ಗರಗದ ಸಣ್ಣ ಹೂಡಿಕೆದಾರರು